ಮೀಸೆಯ ಮೇಲೆ ರಾಗಿ ಸರಿ

ಮೊನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಮ್ಮ ಡ್ರೈವರಣ್ಣ ನಿವೃತ್ತರಾಗಿ ಸ್ಟೀರಿಂಗ್ ಬಿಟ್ಟರು. ಗೌರಿಬಿದನೂರಿನ ನಮ್ಮ ಬಸ್ ಶೆಡ್ಡಿನಲ್ಲಿ ಹಾರ ಹಾಕಿದ್ದಾಯಿತು, ಭಾಷಣವೂ ಆಯಿತು. ಭಾಷಣ ಮಾಡಿದವನು ನಾನೇ. ಅರ್ಧ ಭಾಷಣ ನನ್ನ ಧ್ವನಿಯಲ್ಲಿ, ಉಳಿದರ್ಧ ಬಸ್ಸಿನ ಯಜಮಾನರ ಧ್ವನಿಯಲ್ಲಿ, ನಡುವೆ ಅವರದೇ ಎರಡು ತೇಗು. ಯಜಮಾನರು ಎದುರಿಗೇ ಕೂತಿದ್ದರು. ಇಂಥ ದಿನ ಜನ ಅಳಬೇಕಂತೆ. ನಾನೂ ಅಳಲು ನೋಡಿದೆ. ಆದರೆ ನನ್ನ ಅಳು ಕೂಡ ಬೇರೆ ಯಾರದೋ ಅಳುವಿನ ನಕಲಿನಂತೆ ಕೇಳಿಸಿ ಎಲ್ಲರೂ ಗೊಳ್ಳೆಂದು ನಕ್ಕುಬಿಟ್ಟರು. ಹತ್ತು ವರ್ಷ ಊರವರನ್ನೆಲ್ಲ ಅಣಕಿಸಿದ್ದಕ್ಕೆ ಸಿಕ್ಕ ಶಿಕ್ಷೆ ಅದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. "ನನ್ ಹೆಸ್ರು ಕಾಗದದ ಮೇಲೆ ಬಂದ್ರೆ ನಿನ್ ಕಿವಿ ನನ್ ಕೈಗೆ ಬರ್ತದೆ" ಎಂದು ಮೊದಲೇ ಹೇಳಿದ್ದಾರೆ. ನನ್ನ ಕಿವಿ ಈಗಾಗಲೇ ಅವರ ಕೈಯಲ್ಲಿ ಬೇಕಾದಷ್ಟು ಸವೆದಿದೆ. ಆದ್ದರಿಂದ ಡ್ರೈವರಣ್ಣ ಅಂತಲೇ ಇರಲಿ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಆ ಎರಡು ಶಬ್ದ ಹೇಳಿದರೆ ಸಾಕು, ಎತ್ತುಗಳಿಗೂ ಗೊತ್ತು. ಯಾಕೆಂದರೆ ಅವರು ಎತ್ತಿನ ಗಾಡಿಗೆ ಹಾರ್ನ್ ಹೊಡೆಯುತ್ತಿರಲಿಲ್ಲ. ಬಸ್ಸನ್ನು ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏಮಯ್ಯಾ, ಸ್ವಲ್ಪ ಪಕ್ಕಕ್ಕೆ ಹೋಗಣ್ವಾ?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದುದು ಗಾಡಿಯವನನ್ನೋ ಎತ್ತನ್ನೋ ಎಂಬುದು ಈ ತನಕ ಇತ್ಯರ್ಥವಾಗಿಲ್ಲ.

ನಗರಗೆರೆಯ ಕಡೆಯವರು. ಮಾತಿನಲ್ಲಿ ಕನ್ನಡಕ್ಕೆ ತೆಲುಗಿನ ಒಗ್ಗರಣೆ ತಪ್ಪದು. ಎತ್ತರದ ಆಳು, ಖಾಕಿ ಕೋಟು, ಹೆಗಲ ಮೇಲೆ ಚೌಕದ ಟವೆಲ್ಲು. ಮೀಸೆ ಮಾತ್ರ ಮೈಗಿಂತ ಒಂದು ಅಳತೆ ದೊಡ್ಡದು. ಆ ಮೀಸೆಗೆ ಹೆದರಿ ಪುಂಡರು ಕೂಡ ಬಸ್ಸಿನಲ್ಲಿ ಬೀಡಿ ಆರಿಸುತ್ತಿದ್ದರು. ಬೀಡಿ ಸೇದುವ ಹಕ್ಕು ಒಬ್ಬರಿಗೇ ಇತ್ತು, ಅದು ಮೀಸೆಯವರಿಗೆ.

ನಾನು ಕಂಡಕ್ಟರ್ ಆದದ್ದು ಓದಿನಿಂದಲ್ಲ, ಹಾರ್ನಿನಿಂದ. ಆಗ ನನಗೆ ಇಪ್ಪತ್ತು. ಕೆಲಸವಿಲ್ಲದೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಬಸ್ಸಿಲ್ಲದ ಹೊತ್ತಿನಲ್ಲಿ ಬಸ್ಸಿನ ಹಾರ್ನನ್ನು ಬಾಯಿಂದ ಹೊರಡಿಸಿ, ಜನ ಗಂಟುಮೂಟೆ ಎತ್ತಿಕೊಂಡು ಓಡಿ ಬರುವುದನ್ನು ನೋಡಿ ಸಂತೋಷಪಡುತ್ತಿದ್ದೆ. ಒಂದು ದಿನ ಹಿಂದಿನಿಂದ ಯಾರೋ ಕಿವಿ ಹಿಡಿದರು. ತಿರುಗಿದರೆ ಮೀಸೆ.

"ಒರೇ ಅಬ್ಬಾಯಿ, ನನ್ ಗಾಡಿ ಹಾರ್ನು ಕೆಟ್ಟು ವಾರ ಆಯ್ತು. ಹತ್ತು ಗಾಡಿ."

ಹತ್ತಿದೆ. ಮೊದಲ ಎಂಟು ದಿನ ನನ್ನನ್ನು ಹಾರ್ನಾಗಿಯೇ ಬಳಸಿದರು. ಆಮೇಲೆ ಚರ್ಮದ ಚೀಲ ಕೊಟ್ಟು ಕಂಡಕ್ಟರ್ ಮಾಡಿದರು.

ಆ ಕಾಲದಲ್ಲಿ ಡ್ರೈವರಣ್ಣ ಊಟ ಮಾಡುತ್ತಿದ್ದ ರೀತಿ ಹೇಳಬೇಕು. ಬೆಳಿಗ್ಗೆ ಬರೀ ಹೊಟ್ಟೆಗೆ ಕಾಫಿ. ಚಿಕ್ಕಬಳ್ಳಾಪುರದಲ್ಲಿ ಕಾಫಿ, ಶಿಡ್ಲಘಟ್ಟದಲ್ಲಿ ಕಾಫಿಯ ಜೊತೆ ಮೆಣಸಿನಕಾಯಿ ಬಜ್ಜಿ, ಚಿಂತಾಮಣಿಯಲ್ಲಿ ಕಾಫಿಯ ಜೊತೆ ಬೀಡಿ. ಊಟ ಎಂಬುದು ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಸಿಕ್ಕರೆ ಸಿಕ್ಕಿತು. ಸಿಕ್ಕಾಗ ಎರಡು ದಿನದ್ದನ್ನು ಒಟ್ಟಿಗೆ ತುಂಬುವುದು. ಒಂದು ಬೆಳಿಗ್ಗೆ ಮಂಚೇನಹಳ್ಳಿ ದಾಟುತ್ತಿದ್ದಂತೆ ಬಸ್ಸನ್ನು ಅಂಚಿಗೆ ನಿಲ್ಲಿಸಿ ಇಳಿದು, ಮೈಲಿಗಲ್ಲನ್ನು ತಬ್ಬಿಕೊಂಡು ಕೂತುಬಿಟ್ಟರು. ಹೊಟ್ಟೆಯ ಮೇಲ್ಭಾಗದಲ್ಲಿ ಕೆಂಡ ಇಟ್ಟ ಹಾಗೆ ಉರಿ, ಬಾಯಲ್ಲಿ ಹುಳಿನೀರು. ನನಗೆ ತಮಾಷೆ ಮಾಡಬೇಕು ಅನ್ನಿಸದ ಮೊದಲ ಗಳಿಗೆ ಅದು. ಒಂದೇ ಗಳಿಗೆ, ಆಮೇಲೆ ಅನ್ನಿಸಿತು.

ಚಿಕ್ಕಬಳ್ಳಾಪುರದ ಡಾಕ್ಟರು ಹೊಟ್ಟೆ ಒತ್ತಿದಾಗ ಡ್ರೈವರಣ್ಣ ನೋವಿಗೆ ಮೇಜು ಬಿಟ್ಟು ಎದ್ದರು. ಜಠರದ ಒಳಪೊರೆ ಊದಿಕೊಂಡು ಕೆಂಪಾಗಿದೆ, ಹೀಗೇ ಬಿಟ್ಟರೆ ಹುಣ್ಣಾಗುತ್ತದೆ ಎಂದು ಡಾಕ್ಟರು ಒಂದು ಸೀಸೆ ಔಷಧಿ ಕೊಟ್ಟರು. ಔಷಧಿ ನೋವನ್ನೇನೋ ಇಳಿಸಿತು. ಆದರೆ ಮೂರನೇ ದಿನ ಡ್ರೈವರಣ್ಣ ಬಸ್ಸನ್ನು ಆಮೆಯ ಹಾಗೆ ನಡೆಸಿಕೊಂಡು ಬಂದು ಸೀದಾ ಡಾಕ್ಟರ ಬಾಗಿಲಿಗೆ ನಿಲ್ಲಿಸಿದರು.

"ಸ್ವಾಮಿ, ನಿಮ್ ಔಷ್ದಿ ಹೊಟ್ಟೆಗೆ ಒಳ್ಳೇದೇ. ಆದ್ರೆ ಕಣ್ಣು ಮಂಜಾಗಿ ಇರೋದೊಂದ್ ರೋಡು ಎರಡು ಕಾಣ್ತದೆ. ಯಾವುದ್ರ ಮೇಲೆ ಬಸ್ ಬಿಡ್ಲಿ?"

"ಕೆಲವರಿಗೆ ಹಾಗಾಗುತ್ತೆ. ಬಸ್ಸೇ ಬಿಟ್ಟುಬಿಡಿ."

"ಅದೊಂದ್ ಬಿಟ್ಟು ಬೇರೆ ಏನ್ ಬೇಕಾದ್ರೂ ಬಿಡ್ಸಿ."

"ಕಾಫಿ?"

"ಬಿಟ್ಟೆ."

"ಬೀಡಿ?"

ಮೀಸೆ ಒಮ್ಮೆ ಅದುರಿತು. "ಬಿಟ್ಟೆ."

"ಖಾರ?"

ಡ್ರೈವರಣ್ಣ ನನ್ನ ಕಡೆ ತಿರುಗಿ, ನೀನಾದರೂ ಹೇಳಬಾರದೇನೋ ಎನ್ನುವಂತೆ ನೋಡಿದರು. "ಖಾರ ಬಿಟ್ರೆ ಊಟಾನೇ ಬಿಟ್ಟಂಗಲ್ವಾ ಸ್ವಾಮಿ?"

ಡಾಕ್ಟರು ನಗಲಿಲ್ಲ. ಹೊಟ್ಟೆಯನ್ನು ಖಾಲಿ ಬಿಡಬಾರದು, ಒಂದೇ ಸಲ ತುಂಬಲೂಬಾರದು, ಮೂರು ತಿಂಗಳು ಔಷಧಿ ಇಲ್ಲದೆ ಹೀಗೆ ನಡೆಸಿ ನೋಡೋಣ ಎಂದರು. "ಆದ್ರೆ ರಕ್ತ ವಾಂತಿಯಾದ್ರೆ, ಇಲ್ಲಾ ಮಲ ಟಾರಿನ ಹಾಗೆ ಕಪ್ಪಗಾದ್ರೆ, ಆ ಗಳಿಗೇಲಿ ಇಲ್ಲಿರಬೇಕು. ಆಗ ಪಥ್ಯ ಗಿಥ್ಯ ಅಂತ ಮನೇಲಿ ಕೂರೋ ಹಾಗಿಲ್ಲ, ತಿಳೀತಾ?"

ತಿಳಿಯಿತು. ಎಷ್ಟರ ಮಟ್ಟಿಗೆ ಎಂದರೆ, ಅಂದಿನಿಂದ ದಿನಾ ಬೆಳಿಗ್ಗೆ ಶೆಡ್ಡಿಗೆ ಬಂದ ಕೂಡಲೇ ನನಗೆ ವರದಿ: "ಟಾರ್ ರೋಡಿಲ್ಲ ಕಣೋ. ಮಣ್ ರೋಡೇ." ಬೆಳಗಿನ ನಮಸ್ಕಾರದ ಬದಲು ಹತ್ತು ವರ್ಷ ನಾನು ಕೇಳಿದ್ದು ಇದು.

ಮಂಚೇನಹಳ್ಳಿಯ ಸುದ್ದಿ ಯಜಮಾನರಿಗೂ ಮುಟ್ಟಿತು. ಯಜಮಾನರ ಮಾತಿಗೆ ತೇಗೇ ಪೂರ್ಣವಿರಾಮ. ಊಟವಾಗಿ ಎಷ್ಟು ಹೊತ್ತಾಗಿದ್ದರೂ ಸರಿ, ಎದೆ ನೀವಿಕೊಂಡು ಒಂದು "ಏವ್" ಹಾಕದೆ ವಾಕ್ಯ ಮುಗಿಸರು.

"ನಡುದಾರೀಲಿ ನೀನು ಹೊಟ್ಟೆ ಹಿಡ್ಕೊಂಡು ಕೂತ್ರೆ ಜನ ಬೇರೆ ಬಸ್ ಹತ್ತಲ್ವೇನಯ್ಯ? ಏವ್. ಡಾಕ್ಟ್ರು ಮೂರ್ ತಿಂಗ್ಳು ಅಂದ್ರು ತಾನೆ? ನಾನೂ ಅಷ್ಟೇ ನೋಡ್ತೀನಿ. ಅದ್ರೊಳಗೆ ಇನ್ನೊಂದ್ಸಲ ದಾರೀಲಿ ನಿಂತೆ ಅಂದ್ರೆ ಸ್ಟೀರಿಂಗ್ ಬೇರೆಯೋರಿಗೆ. ನೀನು ಶೆಡ್ಡಲ್ಲಿ ಕೂತು ಟೈರಿಗೆ ಗಾಳಿ ಹೊಡಿ. ಏವ್."

ಡ್ರೈವರಣ್ಣ ಹೊರಗೆ ಬಂದು ಟವೆಲ್ಲಿನಿಂದ ಸ್ಟೀರಿಂಗನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆ ಚಕ್ರ ಬಿಟ್ಟರೆ ಆ ಮನುಷ್ಯನ ಕೈಗೆ ಬೇರೆ ಆಕಾರವೇ ಗೊತ್ತಿರಲಿಲ್ಲ. ಸುಮ್ಮನೆ ಕೂತಾಗಲೂ ಅವರ ಬೆರಳುಗಳು ಅರ್ಧ ಮಡಚಿಕೊಂಡೇ ಇರುತ್ತಿದ್ದವು.

ಸುದ್ದಿ ಹರಡಿದ್ದೇ ತಡ, ಬಸ್ಸೇ ಆಸ್ಪತ್ರೆಯಾಯಿತು. ಹತ್ತಿದವರೆಲ್ಲ ಒಂದೊಂದು ಮದ್ದು ಹೇಳಿ ಇಳಿಯುವವರೇ. ಒಬ್ಬರು ಸೋಡಾ ಎಂದರು, ಒಬ್ಬರು ಹಸಿ ಬೆಳ್ಳುಳ್ಳಿ ಎಂದರು, ಒಬ್ಬರು ಯಾವುದೋ ಬೇರು ಅರೆದು ಕುಡಿ ಎಂದರು, ಬೇರಿನ ಹೆಸರು ಕೇಳಿದರೆ ಮರೆತಿತ್ತು. ಡ್ರೈವರಣ್ಣ ಎಲ್ಲರಿಗೂ "ಆಗ್ಲಿ ಸ್ವಾಮಿ" ಎಂದರು, ಒಂದನ್ನೂ ಮಾಡಲಿಲ್ಲ. ಅವರು ಕಿವಿಗೊಟ್ಟದ್ದು ಒಬ್ಬ ಅಜ್ಜಿಗೆ. ಅಜ್ಜಿ ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು, ರೇಷ್ಮೆ ಹುಳು ಸಾಕಿ ಗೂಡನ್ನು ಸಂತೆಗೆ ತರುತ್ತಿದ್ದವಳು. ಹತ್ತುವಾಗಲೇ ಡ್ರೈವರಣ್ಣನ ಮುಖ ನೋಡಿದಳು.

"ಏನಪ್ಪಾ, ಮುಖ ಗೂಡ್ ಕಟ್ಟಾಕೆ ಹಣ್ಣಾದ ಹುಳದಂಗೆ ಹಳದಿಯಾಗೈತೆ?"

"ಹೊಟ್ಟೆ ಉರಿ ಕಣಜ್ಜಿ."

"ದಿನಕ್ಕೆ ಎಷ್ಟ್ ಸಲ ಸೊಪ್ ಹಾಕ್ತೀಯ ಅದಕ್ಕೆ?"

"ಒಂದ್ಸಲ. ಪುರುಸೊತ್ತಿದ್ರೆ ಎರಡು."

ಅಜ್ಜಿ ಕುಕ್ಕೆಯನ್ನು ಕೆಳಗಿಟ್ಟಳು. "ಹಂಗೆ ಸಾಕಿದ್ರೆ ಯಾವ ಹುಳ ಗೂಡ್ ಕಟ್ತದೋ? ಹೊತ್ತಿಗ್ ಸರಿಯಾಗಿ, ಸ್ವಲ್ ಸ್ವಲ್ಪ, ಎಳೇ ಸೊಪ್ನ ಸಣ್ಣಗ್ ಹೆಚ್ಚಿ ಹಾಕ್ಬೇಕು. ಬಾಡಿದ್ದು ಹಾಕಂಗಿಲ್ಲ, ಜಾಸ್ತಿ ಹಾಕಂಗಿಲ್ಲ. ಹುಳಿನ್ ಮನೆ ಬಾಗ್ಲಲ್ಲಿ ಯಾವನಾದ್ರೂ ಬೀಡಿ ಸೇದಿದ್ರೆ ಹೊಗೆಗೇ ಹುಳ ಸಾಯ್ತವೆ. ನೀನು ಬೀಡೀನ ಹೊಟ್ಟೆ ಒಳಗೇ ಹಚ್ಕೊಂಡಿದೀಯ. ನಿನ್ ಹೊಟ್ಟೆ ಹುಳಕ್ಕಿಂತ ಕಡೆಯೇನಪ್ಪಾ?"

ಡಾಕ್ಟರು ಹೇಳಿದ್ದೂ ಇದನ್ನೇ. ಆದರೆ ಡಾಕ್ಟರ ಮಾತು ಕಿವಿಗೆ ಹೋಗಿತ್ತು, ಅಜ್ಜಿಯದು ಸೀದಾ ಹೊಟ್ಟೆಗೇ ಹೋಯಿತು. ಆ ದಿನ ಮನೆಗೆ ಹೋದವರೇ ಅತ್ತಿಗೆಗೆ ಹೇಳಿದರಂತೆ: "ಹುಳಕ್ ಹಾಕಂಗೆ ನಂಗೂ ಹಾಕು."

ಅತ್ತಿಗೆ ಅಂದರೆ ಅವರ ಮನೆಯಾಕೆ. ಮೀಸೆಗೆ ಹೆದರದೆ ಇದ್ದ ಏಕೈಕ ವ್ಯಕ್ತಿ. ಅವರು ಯೋಚಿಸಿ ನೋಡಿದರು. ಸಣ್ಣಗೆ, ಮೆತ್ತಗೆ, ಎಳೆಯ ಹೊಟ್ಟೆಗೆ ಹಿಡಿಸುವಂಥದ್ದು ಯಾವುದು? ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ಹಳೇ ಸೀರೆಯ ಬಟ್ಟೆಯಲ್ಲಿ ಜರಡಿ ಹಿಡಿದರು. ಅದನ್ನು ನೀರಲ್ಲಿ ಕಾಯಿಸಿ, ಒಂದಿಷ್ಟು ಹಾಲು ಬಿಟ್ಟರು. ನಮ್ಮ ಕಡೆ ಅದಕ್ಕೆ ಸರಿ ಅನ್ನುತ್ತಾರೆ. ಹಲ್ಲು ಬಾರದ ಮಕ್ಕಳಿಗೆ ತಿನ್ನಿಸುವುದು.

ಮರುದಿನ ಚಿಕ್ಕಬಳ್ಳಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿನ ಬಾನೆಟ್ಟಿನ ಮರೆಯಲ್ಲಿ ಡ್ರೈವರಣ್ಣ ಒಂದು ತಗಡಿನ ಡಬ್ಬಿಗೆ ಮುಖ ಹಾಕಿದ್ದರು. ನಾನು ಹೋದೆ. ಅವರು ತಲೆ ಎತ್ತಿದರು. ಆ ಮೀಸೆಯ ಎರಡೂ ತುದಿಗೆ ರಾಗಿ ಸರಿ!

ಅಯ್ಯೋ, ನನ್ನಂಥವನ ಕೈಗೆ ಇದು ಸಿಗಬೇಕೇ! ಆ ವಾರವೆಲ್ಲ ನಾನು ಪ್ರತಿ ಸ್ಟಾಪಿನಲ್ಲಿ ಎಳೇ ಮಗುವಿನ ಹಾಗೆ ಅತ್ತು, ಆಮೇಲೆ ಅವರದೇ ಗಡಸು ಧ್ವನಿಯಲ್ಲಿ "ಸರಿ ಬೇಕೂ" ಎಂದು ಹೇಳಿ ಜನರನ್ನು ನಗಿಸಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಮೀಸೆ ಒರೆಸಿಕೊಂಡು, "ನಗ್ಲಿ ಬಿಡೋ. ಗಾಡಿಗೆ ಏನ್ ಹಾಕಿದ್ರೆ ಓಡ್ತದೋ ಅದನ್ ಹಾಕ್ಬೇಕು. ಪೆಟ್ರೋಲು ಘಮ ಇಲ್ಲ ಅಂತ ಅತ್ತರ್ ಹಾಕಕ್ಕಾಗ್ತದಾ?" ಎಂದರು.

ಹೀಗೆ ನಮ್ಮ ಬಸ್ಸಿನ ದಾರಿಯ ಉದ್ದಕ್ಕೂ ಆ ಹೊಟ್ಟೆಯ ಟೈಮ್ ಬೋರ್ಡು ಬಿತ್ತು. ಗೌರಿಬಿದನೂರು ಬಿಡುವ ಮುಂಚೆ ಸರಿ. ಚಿಕ್ಕಬಳ್ಳಾಪುರದಲ್ಲಿ ಡಬ್ಬಿಯಲ್ಲಿ ಉಳಿದದ್ದು. ಚಿಂತಾಮಣಿಯ ಊಟದ ಮನೆಯಲ್ಲಿ ಉಪ್ಪುಸಾರು, ಸಣ್ಣ ಮುದ್ದೆ. ಉಪ್ಪುಸಾರಿನ ದೊಡ್ಡ ಗುಣ ಏನೆಂದರೆ ಅದರ ಖಾರವನ್ನು ಬೇರೆ ಅರೆದು ಪಕ್ಕದಲ್ಲಿಡುತ್ತಾರೆ. ಡ್ರೈವರಣ್ಣ ಆ ಖಾರದ ಉಂಡೆಯನ್ನು ಹಳೆಯ ಸ್ನೇಹಿತನನ್ನು ನೋಡುವಂತೆ ಒಮ್ಮೆ ನೋಡಿ ನನ್ನ ತಟ್ಟೆಗೆ ದಾಟಿಸುತ್ತಿದ್ದರು. ವಾಪಸ್ ಬರುವಾಗ ಶಿಡ್ಲಘಟ್ಟದಲ್ಲಿ ಹುಳಿಯಿಲ್ಲದ ನೀರು ಮಜ್ಜಿಗೆ. ಮನೆಯಲ್ಲಿ ಹೆಸರುಬೇಳೆ, ಹೀರೆಕಾಯಿ, ಬೂದುಗುಂಬಳ. ಕಾಫಿ ಹೋಟೆಲಿನ ಮುಂದೆ ಹಾಯುವಾಗ ಮೂಗು ಮಾತ್ರ ಒಳಗೆ ಹೋಗಿ ಬರುತ್ತಿತ್ತು.

ಪವಾಡವೇನೂ ಆಗಲಿಲ್ಲ. ಮೊದಲ ತಿಂಗಳು ವಾರಕ್ಕೆರಡು ಸಲ ಉರಿ ಬಂದೇ ಬರುತ್ತಿತ್ತು. ಬೀಡಿ ಬಿಟ್ಟ ಸಿಟ್ಟಿಗೆ ಗೇರನ್ನು ಕಿತ್ತು ಬರುವ ಹಾಗೆ ಎಳೆಯುತ್ತಿದ್ದರು. ಎರಡನೇ ತಿಂಗಳು ಉರಿಯ ದಿನಗಳು ವಿರಳವಾದವು. ಮೂರನೇ ತಿಂಗಳಲ್ಲಿ ಒಂದು ದಿನ ಸ್ಕಂದಗಿರಿಯ ಕಡೆ ನೋಡಿಕೊಂಡು ಸಿಳ್ಳೆ ಹಾಕಿದರು. ಅವರು ಸಿಳ್ಳೆ ಹಾಕಿದ್ದನ್ನು ಆವರೆಗೆ ನಾನು ಕೇಳಿರಲಿಲ್ಲ. ಇನ್ನು ಒಂದು ವಾರ ಕಳೆದರೆ ಗಡುವು ಮುಗಿಯುತ್ತದೆ, ಸ್ಟೀರಿಂಗ್ ಉಳಿಯುತ್ತದೆ.

ಅಷ್ಟರಲ್ಲಿ ನಾನು ಇದ್ದೆನಲ್ಲ!

ಶಿಡ್ಲಘಟ್ಟದ ಒಂದು ಗಂಡಿನ ಮನೆಯವರು ಬೀಗರೂಟಕ್ಕೆಂದು ಕೆಂಚಾರ್ಲಹಳ್ಳಿಗೆ ನಮ್ಮ ಬಸ್ಸು ಗೊತ್ತುಮಾಡಿದರು. ಯಜಮಾನರು ಅವರಿಗೆ ನೆಂಟರು, ಆದ್ದರಿಂದ ಅವರೂ ಮುಂದಿನ ಸೀಟಿನಲ್ಲಿ ತೇಗುತ್ತಾ ಬಂದರು. ಹುಳದ ಅಜ್ಜಿಯೂ ಗಂಡಿನ ಕಡೆಯವಳಾಗಿ ಬಂದಿದ್ದಳು. ಕೆಂಚಾರ್ಲಹಳ್ಳಿಯಲ್ಲಿ ಇಳಿದ ಕೂಡಲೇ ಡ್ರೈವರಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

"ಬೀಗರೂಟ ಕಣೋ. ಎಲೆ ಮುಂದೆ ಕೂತ್ಮೇಲೆ ಬಡಿಸಿದ್ದನ್ನ ಬೇಡ ಅಂದ್ರೆ ಮನೆಯೋರಿಗೆ ಅವಮಾನ. ಅದಕ್ಕೆ ಈಗ್ಲೇ ಅಡುಗೆಯೋರಿಗೆ ಹೇಳ್ಬಾ. ನಂಗೆ ಮಸಾಲೆ ಬೇಡ, ಮುದ್ದೆ, ಒಂಚೂರು ಬೇಳೆಕಟ್ಟು, ಮಜ್ಜಿಗೆ. ಬೇಸರ ಆಗದಂಗೆ ಹೇಳು."

ಹೋದೆ. ಅಡುಗೆ ನಡೆಯುತ್ತಿದ್ದುದು ತೆಂಗಿನ ಗರಿಯ ತಟ್ಟಿಯ ಹಿಂದೆ. ಒಳಗೆ ಹೆಂಗಸರ ಮಾತು, ನಗು. ತಟ್ಟಿಯ ಈಚೆ ನಿಂತು ನೆಟ್ಟಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ನಾಲಿಗೆಗೆ ಒಂದು ತಟ್ಟಿ ಸಿಕ್ಕರೆ ಅದು ನಾಟಕದ ಪರದೆಯೇ ಸರಿ. ಡ್ರೈವರಣ್ಣನ ಧ್ವನಿಯಲ್ಲಿ ಗುಡುಗಿದೆ:

"ಏನಮ್ಮಾ, ನಾನು ಬಸ್ ಡ್ರೈವರ್ರು. ನಿಮ್ಮೂರ್ ಖಾರ ನನ್ ಮೀಸೆಗೆ ಸಾಲದು ಅಂತಾರೆ. ನನ್ ಪಾಲಿಗೆ ಇನ್ನೆರಡು ಹಿಡಿ ಬೀಳ್ಲಿ!"

ಒಳಗೆ ಹೋ ಎಂದು ನಗು. ಇನ್ನು ತಟ್ಟಿ ಸರಿಸಿ ಮುಖ ತೋರಿಸಿ, ನಿಜವಾದ ಮಾತು ಹೇಳಬೇಕು, ಅಷ್ಟರಲ್ಲಿ ಆಚೆಯಿಂದ ಹುಡುಗರ ಗುಂಪೊಂದು ನನ್ನನ್ನು ಎಳೆದುಕೊಂಡು ಹೋಯಿತು. "ಯಜಮಾನ್ರ ತೇಗು ಮಾಡಣ್ಣ, ಹಾರ್ನ್ ಮಾಡಣ್ಣ." ಮಾಡಿದೆ. ಇನ್ನೊಂದು ಕೇಳಿದರು, ಅದನ್ನೂ ಮಾಡಿದೆ. ಚಪ್ಪಾಳೆ ಬಿದ್ದ ಹಾಗೆಲ್ಲ ನನ್ನ ತಲೆ ಖಾಲಿಯಾಗುವ ಗುಣ ಉಂಟು. ಹೇಳಬೇಕಾದ ಮಾತು ಪೂರ್ತಿ ಮರೆತುಹೋಯಿತು.

ಪಂಕ್ತಿ ಕೂತಿತು. ಬಸ್ಸಿನವರಿಗೆ ಮೊದಲ ಸಾಲು. ನಮ್ಮ ಎದುರಿಗೇ ಯಜಮಾನರು. ಮನೆಯ ಹಿರಿಯ ಹೆಂಗಸು ತಾವೇ ಒಂದು ಬಟ್ಟಲು ಹಿಡಿದು ಬಂದರು. ಬಟ್ಟಲಲ್ಲಿ ಸಾರು ಇರಲಿಲ್ಲ, ಕೆಂಪು ದೀಪ ಇತ್ತು.

"ಅಣ್ಣಾ, ನೀವೇ ಬಾಯ್ಬಿಟ್ಟು ಕೇಳಿದ್ರಂತೆ. ನಮಗೆಷ್ಟ್ ಸಂತೋಷ ಆಯ್ತು ಗೊತ್ತಾ? ಬಸ್‌ನೋರು ಸಂಕೋಚ ಪಡ್ತಾರೆ, ನೀವು ಮನೆಯೋರಂಗೆ ಕೇಳಿದ್ರಿ. ಬೇರೆಯಾಗೇ ಮಾಡಿದೀವಿ."

ಡ್ರೈವರಣ್ಣ ಬಟ್ಟಲು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ನನ್ನ ಬಾಯಲ್ಲಿ ಒಬ್ಬರ ಧ್ವನಿಯೂ ಹುಟ್ಟಲಿಲ್ಲ, ನನ್ನದು ಕೂಡ. 'ನಾನು ಕೇಳಿಲ್ಲಮ್ಮ, ಇವನು ಅಣಕಿಸಿದ್ದು' ಅಂದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಮದುವೆ ಮನೆಯ ಅಡುಗೆಮನೆಯನ್ನು ಹಾಸ್ಯ ಮಾಡಿದ ಕಂಡಕ್ಟರನನ್ನು ಆ ಊರಿನವರು ಬಸ್ಸಿನಲ್ಲಿ ಕೂರಿಸಿ ಕಳಿಸುತ್ತಿರಲಿಲ್ಲ, ಬಸ್ಸಿನ ಹಿಂದೆ ಓಡಿಸುತ್ತಿದ್ದರು.

"ಹಾಕಮ್ಮ" ಎಂದರು.

ಆರು ತುತ್ತು. ಏಳನೆಯದಕ್ಕೆ ಮಜ್ಜಿಗೆ ಕೇಳಿ ಎದ್ದರು.

ಹಿಂತಿರುಗುವಾಗ ಚಿಂತಾಮಣಿ ದಾಟುವವರೆಗೂ ಏನೂ ಆಗಲಿಲ್ಲ. ದಾಟಿದ ಮೇಲೆ ಅವರ ಕುತ್ತಿಗೆಯಲ್ಲಿ ಬೆವರು ಕಂಡಿತು. ಎಡಗೈ ಸ್ಟೀರಿಂಗ್ ಬಿಟ್ಟು ಹೊಟ್ಟೆಗೆ ಹೋಯಿತು. ನಾನು ಅವರ ಬೆನ್ನಿಗೇ ನಿಂತಿದ್ದೆ.

"ಅಬ್ಬಾಯಿ," ಎಂದರು ಮೆಲ್ಲಗೆ, "ಮುಂದೆ ಹೊಂಗೆಮರ ಐತಲ್ಲ, ಅಲ್ಲಿ ನಿಲ್ಸಿಬಿಡ್ತೀನಿ. ಕಣ್ಣಲ್ಲಿ ನೀರ್ ಬರ್ತಾ ಐತೆ."

"ಅಣ್ಣಾ, ಯಜಮಾನ್ರು ಹಿಂದೇನೇ ಕೂತವ್ರೆ. ಇನ್ನಾರೇ ದಿನ ಇರೋದು!"

"ಇರ್ಲಿ. ಕೆಲ್ಸ ಹೋದ್ರೆ ನಂದೊಬ್ಬಂದು. ಬಸ್ ಹಳ್ಳಕ್ಕೋದ್ರೆ ಎಲ್ಲಾರ್ದು." ಆಗಲೇ ಕಾಲು ತೆಗೆದು ಬಸ್ಸನ್ನು ನಿಧಾನ ಮಾಡುತ್ತಿದ್ದರು.

ನನ್ನ ಜನ್ಮದಲ್ಲಿ ನನ್ನ ಬಾಯಿ ಉಪಯೋಗಕ್ಕೆ ಬಂದದ್ದು ಆಗಲೇ. ಅವರ ಸೀಟಿನ ಹಿಂದೆ ಟಿಕೆಟ್ಟು ಹುಡುಕುವವನ ಹಾಗೆ ಕುಕ್ಕರಿಸಿ, ಇಂಜಿನ್ನಿನ ಕಡೆ ಮುಖ ಮಾಡಿ ಶುರು ಮಾಡಿದೆ: ಡಗ್... ಡಗ್‌ಡಗ್... ಕೀಂಯ್... ಪುಸ್ಸ್... ಡಗ್!

"ಏನಯ್ಯಾ ಅದು ಸದ್ದು?" ಯಜಮಾನರು ಎದ್ದು ನಿಂತರು, ತೇಗೂ ಮರೆತರು.

"ಇಂಜಿನ್ನು ಯಜಮಾನ್ರೇ! ಕಾದು ಕೆಂಡ ಆಗೈತೆ!"

"ನಿಲ್ಸಯ್ಯಾ, ನಿಲ್ಸು! ಅದನ್ನ ಬಿಚ್ಚಿ ರಿಪೇರಿ ಮಾಡ್ಸಿ ತಿಂಗ್ಳಾಗಿಲ್ಲ!"

ತಮಾಷೆ ಏನೆಂದರೆ, ಅಷ್ಟು ನೋವಿನಲ್ಲೂ ಡ್ರೈವರಣ್ಣ ಒಂದು ಕ್ಷಣ ಗಾಬರಿಯಿಂದ ಇಂಜಿನ್ನಿಗೆ ಕಿವಿಗೊಟ್ಟರು! ಆಮೇಲೆ ಕೆಳಗೆ ಕುಕ್ಕರಿಸಿದ್ದ ನನ್ನನ್ನು ನೋಡಿದರು. ಹೊಂಗೆಮರದ ನೆರಳಿಗೆ ಬಸ್ಸು ನಿಂತಿತು. ಇಳಿದು ಬಾನೆಟ್ಟು ಎತ್ತಿದರು. ಬಾನೆಟ್ಟಿನ ಆಚೆ ಬಂಪರಿನ ಮೇಲೆ ಕುಸಿದು ಕೂತರು. ನಾನು ಡಬ್ಬಿ ಒಯ್ದು ಕೊಟ್ಟೆ. ಬೆಳಿಗ್ಗೆ ಉಳಿದಿದ್ದ ಸರಿ ತಣ್ಣಗೆ ಗಟ್ಟಿಯಾಗಿತ್ತು. ಚಮಚೆ ಚಮಚೆಯಾಗಿ, ನಡುನಡುವೆ ಕಣ್ಣು ಮುಚ್ಚಿ ತಿಂದರು.

ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ನಾನು ಬೀಗರನ್ನೆಲ್ಲ ಅಣಕಿಸಿ ಜನರನ್ನು ಮರದ ಆ ಪಕ್ಕದಲ್ಲೇ ಹಿಡಿದಿಟ್ಟೆ. ಯಜಮಾನರು ಮಾತ್ರ ನಗುವುದನ್ನು ಬಿಟ್ಟು ಬಾನೆಟ್ಟಿನ ಕಡೆ ಹೊರಟರು. ಓಡಿಹೋಗಿ ಅಡ್ಡ ನಿಂತು, ಬೆನ್ನು ತಿರುಗಿಸಿ ಜೋರಾಗಿ ಪುಸ್ಸ್ ಎಂದೆ. "ಹತ್ರ ಬರ್ಬೇಡಿ ಯಜಮಾನ್ರೇ, ಬಿಸಿನೀರ್ ಎಗರ್ತದೆ!" ಎರಡು ಹೆಜ್ಜೆ ಹಿಂದೆ ಹಾರಿದರು. ಮರದ ಕೆಳಗೆ ಕೂತಿದ್ದ ಹುಳದ ಅಜ್ಜಿ ಎಲೆಯಡಿಕೆ ಅಗಿಯುತ್ತಾ, "ಹುಳಕ್ಕೆ ಜ್ವರ ಬಂದಾಗ ಮುಟ್ಟಂಗಿಲ್ಲ, ಅಲ್ಲಾಡ್ಸಂಗಿಲ್ಲ. ಸುಮ್ನೆ ಬಿಡ್ರಪ್ಪ, ತಾನೇ ಏಳ್ತದೆ" ಎಂದಳು. ಇಂಜಿನ್ನಿಗೂ ಹುಳಕ್ಕೂ ಏನು ಸಂಬಂಧ ಎಂದು ಯಜಮಾನರು ಕೇಳಲಿಲ್ಲ. ಅಜ್ಜಿ ನನಗೆ ಮಾತ್ರ ಕಾಣುವ ಹಾಗೆ ಕಣ್ಣು ಮಿಟುಕಿಸಿದಳು.

ನೋವು ಇಳಿಯಿತು. ಡ್ರೈವರಣ್ಣ ಮುಖ ತೊಳೆದು, ಕಣ್ಣ ಮುಂದೆ ಬೆರಳಾಡಿಸಿ ಪರೀಕ್ಷೆ ಮಾಡಿಕೊಂಡು, ಬಾನೆಟ್ಟು ಮುಚ್ಚಿದರು. ಎಲ್ಲರೂ ಮನೆ ಸೇರಿದೆವು. ನಾನು ಗೆದ್ದೆ ಅಂದುಕೊಂಡೆ.

ಬೆಳಗಾಗುತ್ತಲೇ ಡ್ರೈವರಣ್ಣ ನನ್ನ ಕಿವಿ ಹಿಡಿದು ಯಜಮಾನರ ಮುಂದೆ ನಿಲ್ಲಿಸಿದರು.

"ನಿನ್ನೆ ಕೆಟ್ಟಿದ್ದು ಇಂಜಿನ್ನಲ್ಲ ಯಜಮಾನ್ರೇ. ನಾನು. ದಾರೀಲಿ ನಿಲ್ಬಾರ್ದು ಅಂದಿದ್ರಿ, ನಿಂತೆ. ಸುಳ್ ಹೇಳಿ ಸ್ಟೀರಿಂಗ್ ಹಿಡಿಯಾಕೆ ನನ್ ಕೈಗ್ ಆಗಲ್ಲ." ಖಾರದ ಬಟ್ಟಲಿನ ಮಾತು ಒಂದಕ್ಷರ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. ತಟ್ಟಿ, ಧ್ವನಿ, ಚಪ್ಪಾಳೆ ಎಲ್ಲವನ್ನೂ ಕಕ್ಕಿಬಿಟ್ಟೆ. ಇಂಜಿನ್ ಸದ್ದಿನ ಗುಟ್ಟನ್ನೂ ಹೇಳಿದೆ.

ಯಜಮಾನರು ನನ್ನ ಕಡೆ ಬೆರಳು ತೋರಿಸಿದರು. "ಮಾಡು ಆ ಸದ್ದು."

ಕಿವಿ ಉಜ್ಜಿಕೊಂಡು ಮಾಡಿದೆ.

"ಇನ್ನೊಂದ್ಸಲ."

ಮಾಡಿದೆ. ಅವರ ಹೊಟ್ಟೆ ಕುಣಿಯತೊಡಗಿತು. ನಕ್ಕರು, ನಕ್ಕು ನಕ್ಕು ಕೆಮ್ಮಿದರು, ಕೊನೆಗೆ ಎದೆ ಹಿಡಿದುಕೊಂಡು ಮುಖ ಹುಳ್ಳಗೆ ಮಾಡಿ ಜೇಬಿನಿಂದ ಸೋಡಾಪುಡಿಯ ಪೊಟ್ಟಣ ತೆಗೆದರು. ಹತ್ತಾರು ಸಲ ಆ ತೇಗನ್ನು ಅಣಕಿಸಿದ್ದ ನನಗೆ ಅದರೊಳಗೆ ಉರಿ ಇದೆ ಎಂಬುದು ಆಗಲೇ ಹೊಳೆದದ್ದು.

"ಆ ಡಬ್ಬೀಲಿ ಏನಿತ್ತಯ್ಯ?" ಎಂದು ಮೆಲ್ಲಗೆ ಕೇಳಿದರು.

"ರಾಗಿ ಸರಿ."

"ನಂಗೂ ಒಂದ್ ಸೇರು ಹಿಟ್ಟು ಮಾಡ್ಸು. ಏವ್. ಇನ್ನು ನಿನ್ ಸ್ಟೀರಿಂಗ್ ವಿಷ್ಯ. ಗಡುವು ಮುಗಿಯೋತನಕ ಬೇರೆಯೋನು ಬಿಡ್ಲಿ. ಆಮೇಲೆ ಡಾಕ್ಟ್ರು ಏನಂತಾರೋ ಅದೇ."

ಆ ಐದಾರು ದಿನ ಅವರು ಶೆಡ್ಡಿನಲ್ಲಿ ಟೈರಿಗೆ ಗಾಳಿ ಹೊಡೆದರು. ನಾನು ಆ ದಿನಗಳಲ್ಲಿ ಯಾರ ಧ್ವನಿಯನ್ನೂ ಮಾಡಲಿಲ್ಲ. ಪ್ರಯಾಣಿಕರು ನನಗೇ ಹೊಟ್ಟೆನೋವು ಅಂದುಕೊಂಡರು. ಏಳನೆಯ ದಿನ ಚಿಕ್ಕಬಳ್ಳಾಪುರದ ಡಾಕ್ಟರ ಮೇಜಿನ ಮೇಲೆ ಡ್ರೈವರಣ್ಣ ಮಲಗಿದರು. ಡಾಕ್ಟರು ಅದೇ ಜಾಗದಲ್ಲಿ ಒತ್ತಿದರು. ಇನ್ನೂ ಒತ್ತಿದರು. ಡ್ರೈವರಣ್ಣ ಒದ್ದಾಡತೊಡಗಿದರು.

"ನೋವಾ?"

"ಅಲ್ಲ ಸ್ವಾಮಿ, ಕಚಗುಳಿ!"

ಡಾಕ್ಟರು ಮೊದಲ ಸಲ ನಕ್ಕರು. "ಓಡಿಸಿ ಬಸ್ಸು. ಪಥ್ಯ ಬಿಡಬೇಡಿ. ಈ ಕಂಡಕ್ಟರನ್ನ ಮಾತ್ರ ಅಡುಗೆಮನೆ ಹತ್ತಿರ ಬಿಡಬೇಡಿ." ನಾನು ರಸ್ತೆಗೆ ಓಡಿಬಂದು ಹೊಡೆದ ಹಾರ್ನಿಗೆ ಎರಡು ಜಟಕಾ ಕುದುರೆಗಳು ಬೆದರಿದವು.

ಆಮೇಲೆ ಯಜಮಾನರು ಒಂದು ಕೆಲಸ ಮಾಡಿದರು. ಟೈಮ್ ಬೋರ್ಡಿನಲ್ಲಿ 'ಹೊಂಗೆಮರ: ಇಂಜಿನ್ ತಣ್ಣಗಾಗಲು ಹತ್ತು ನಿಮಿಷ' ಎಂದು ಬರೆಸಿದರು. ಯಾವ ಇಂಜಿನ್ ಎಂದು ಬರೆಸಲಿಲ್ಲ. ಬರಬರುತ್ತಾ ನೋಡಿದವರೆಲ್ಲ ಅಲ್ಲಿ ನಿಲ್ಲಿಸತೊಡಗಿದರು. ಲಾರಿಯವರು ಕೂಡ ಆ ಮರದ ಕೆಳಗೆ ಇಂಜಿನ್ ಕಾಯುತ್ತದೆ ಎಂದು ಗಂಭೀರವಾಗಿ ಬಾನೆಟ್ಟು ಎತ್ತುತ್ತಿದ್ದರು. ಒಬ್ಬ ಹೆಂಗಸು ಮಜ್ಜಿಗೆಯ ಮಡಕೆ ಇಟ್ಟಳು. ಬಾನೆಟ್ಟಿನ ಮರೆಯಲ್ಲಿ ಡ್ರೈವರಣ್ಣ ವರ್ಷಗಟ್ಟಲೆ ಸರಿ ತಿಂದರು. ಹೋದ ವರ್ಷ ಹೊಸ ಬಸ್ಸು ಬಂತು. ಇದರ ಇಂಜಿನ್ ಬಿಸಿಯಾಗುವುದಿಲ್ಲ ಎಂದು ಯಜಮಾನರ ಮಗ ಆ ಸ್ಟಾಪು ಅಳಿಸಿಹಾಕಿದ. ಡ್ರೈವರಣ್ಣ ಡಬ್ಬಿಯನ್ನು ಶಿಡ್ಲಘಟ್ಟಕ್ಕೆ ವರ್ಗ ಮಾಡಿದರು, ಅಷ್ಟೇ.

ಮೊನ್ನೆ ಅವರ ಕೊನೆಯ ಟ್ರಿಪ್ಪು. ಚಿಂತಾಮಣಿಯಿಂದ ಹೊರಟೆವು. ಮುದುಕರಾದ ಯಜಮಾನರು ಅದೇ ಮುಂದಿನ ಸೀಟಿನಲ್ಲಿ. ಹೊಂಗೆಮರ ದೂರದಲ್ಲಿ ಕಂಡಿತು. ಇದ್ದಕ್ಕಿದ್ದಂತೆ: ಡಗ್... ಡಗ್‌ಡಗ್... ಪೀಂಯ್...

ನಾನು ಬೆಚ್ಚಿದೆ. ನನ್ನ ಬಾಯಿ ಮುಚ್ಚಿಯೇ ಇತ್ತು! ಇಂಜಿನ್ನಿಗೆ ಕಿವಿಗೊಟ್ಟೆ, ಅದು ರೇಷ್ಮೆಯ ಹಾಗೆ ಓಡುತ್ತಿತ್ತು. ಮತ್ತೆ ಅದೇ ಸದ್ದು, ನೆಗಡಿಯಾದ ಮೇಕೆಯ ಹಾಗೆ. ಮುಂದೆ ಬಗ್ಗಿ ನೋಡಿದರೆ ಡ್ರೈವರಣ್ಣನ ಮೀಸೆ ಅಲ್ಲಾಡುತ್ತಿದೆ.

"ನಿಲ್ಸಯ್ಯಾ!" ಹಿಂದಿನಿಂದ ಯಜಮಾನರು ಕೂಗಿದರು. "ಇಂಜಿನ್ ಸದ್ದು ಮಾಡ್ತೈತೆ! ಏವ್!"

ಬಾನೆಟ್ಟಿನ ಆಚೆ ಡಬ್ಬಿ ತೆರೆಯಿತು. ಒಳಗೆ ಮೂರು ಚಮಚೆ. ಮೂವರೂ ತಿಂದೆವು. ಈಚೆಗೆ ನಾನೂ ಮೀಸೆ ಬಿಟ್ಟಿದ್ದೇನೆ, ನೋಡಿದವರು ಹುಬ್ಬು ಕೆಳಗಿಳಿದಿದೆ ಅನ್ನುತ್ತಾರೆ. ಡ್ರೈವರಣ್ಣ ಟವೆಲ್ಲಿನ ತುದಿಯಿಂದ ಅದಕ್ಕೆ ಮೆತ್ತಿದ್ದ ಸರಿಯನ್ನು ಒರೆಸಿ, ಅದೇ ಟವೆಲ್ಲನ್ನು ನನ್ನ ಹೆಗಲಿಗೆ ಹಾಕಿದರು. ಹೋದ ತಿಂಗಳಷ್ಟೇ ನನಗೆ ಲೈಸೆನ್ಸು ಬಂದಿತ್ತು.

"ಹತ್ತೋ. ಇಲ್ಲಿಂದ ಗೌರಿಬಿದನೂರಿಗೆ ನೀನೇ ಬಿಡು. ಯಜಮಾನ್ರಿಗೆ ಹೇಳಿದೀನಿ."

ನಾನು ಹತ್ತಿದೆ. ಚಕ್ರ ಅವರ ಕೈಯ ಬಿಸಿ ಇನ್ನೂ ಬಿಟ್ಟಿರಲಿಲ್ಲ. ಅವರು ನನ್ನ ಚರ್ಮದ ಚೀಲ ತಗುಲಿಸಿಕೊಂಡು ಹಿಂದಿನ ಬಾಗಿಲಲ್ಲಿ ನಿಂತರು. ಆಮೇಲೆ ನನ್ನದೇ ಧ್ವನಿಯಲ್ಲಿ, ನನ್ನದೇ ಹಾಳು ರಾಗದಲ್ಲಿ, ಮೂಗಿನಿಂದ ಎಳೆದು, "ರೈಟ್... ರೈಟ್, ಅಣ್ಣೋ!" ಎಂದು ಕೂಗಿದರು.

ಬಸ್ಸಿಗೆ ಬಸ್ಸೇ ನಕ್ಕಿತು. ಹತ್ತು ವರ್ಷದಲ್ಲಿ ನನ್ನನ್ನು ಅಣಕಿಸಿದವರು ಅವರೊಬ್ಬರೇ, ಅದೂ ಎಷ್ಟು ಚೆನ್ನಾಗಿ! ಗೇರು ಹಾಕಿದೆ. ಸೀಟಿನ ಪಕ್ಕದಲ್ಲಿ ಖಾಲಿ ಡಬ್ಬಿ ಗಲಗಲ ಅಂದಿತು. ಮುಂದೆ ಒಂದು ಎತ್ತಿನ ಗಾಡಿ ಬರುತ್ತಿತ್ತು. ನಾನು ಹಾರ್ನ್ ಹೊಡೆಯಲಿಲ್ಲ. ಬಸ್ಸನ್ನು ನಿಧಾನ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದೆ.